ಪ್ರೆಸ್‌ಗೆ ಹೋದ ಕೂಡಲೇ ಒತ್ತಕ್ಷರ ಯಾಕೆ ಚೆದುರುತ್ತದೆ?

ಪ್ರಶ್ನೆ: ಸರ್, ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶದ ಆಮಂತ್ರಣ ಡಿಸೈನ್ ಮಾಡುತ್ತೇನೆ. ಡಿಸೈನ್ ಸಾಫ್ಟ್‌ವೇರ್ ನನ್ನದು ಇಂಕ್‌ಸ್ಕೇಪ್, ಪ್ರೆಸ್‌ನವರದು ಕೋರೆಲ್‌ಡ್ರಾ. ಇಂಕ್‌ಸ್ಕೇಪ್‌ನ ಎಸ್‌ವಿಜಿ ಫೈಲ್ ಕಳಿಸಿದರೆ ಅವರಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಗಣಪತಿ ಚಿತ್ರದ ಹಿಂದಿನ ಮಸುಕು ನೆರಳೂ ಮಾಯ. ‘ಸಿಡಿಆರ್ ಕೊಡಿ’ ಅಂತಾರೆ. ಇಂಕ್‌ಸ್ಕೇಪ್‌ನಲ್ಲಿ ಸಿಡಿಆರ್ ಸೇವ್ ಮಾಡುವುದು ಹೇಗೆ?
– ದಾವಣಗೆರೆಯ ಓದುಗರು

ಉತ್ತರ: ಆಗುವುದಿಲ್ಲ. ಸಿಡಿಆರ್ ಕೋರೆಲ್‌ನವರ ಸ್ವಂತ ಫಾರ್ಮ್ಯಾಟ್. ಇಂಕ್‌ಸ್ಕೇಪ್ ಅದನ್ನು ತಕ್ಕಮಟ್ಟಿಗೆ ತೆರೆಯುತ್ತದೆ, ಸೇವ್ ಮಾಡುವುದಿಲ್ಲ. ಅಷ್ಟೇಕೆ, ಹೊಸ ಕೋರೆಲ್‌ನ ಸಿಡಿಆರ್ ಹಳೆಯ ಕೋರೆಲ್‌ನಲ್ಲೇ ತೆರೆಯುವುದಿಲ್ಲ. ಸೇವ್ ಮಾಡುವಾಗ ಹಳೆಯ ವರ್ಷನ್ ಆರಿಸಿಕೊಡಬೇಕು.

ಪ್ರೆಸ್‌ನವರಿಗೆ ಒಂದು ಫೋನ್ ಮಾಡಿ ಕೇಳಿ: ನನ್ನ ಫೈಲನ್ನು ಹಾಗೇ ಪ್ರಿಂಟ್ ಮಾಡ್ತೀರಾ, ಇಲ್ಲಾ ನೀವೇ ಏನಾದರೂ ತಿದ್ದುತ್ತೀರಾ? ಯಾವ ಫಾರ್ಮ್ಯಾಟ್ ಅನ್ನುವುದು ಈ ಉತ್ತರದ ಮೇಲೆ ನಿಂತಿದೆ. ಬರೀ ಪ್ರಿಂಟ್ ಅಂದರೆ ಪಿಡಿಎಫ್ ಸಾಕು. ಮುಹೂರ್ತದ ಸಮಯವನ್ನೋ ನೆಂಟರ ಹೆಸರನ್ನೋ ಅವರೇ ಬದಲಿಸುವುದಾದರೆ, ಆ ಸಾಲುಗಳನ್ನು ಅವರಲ್ಲಿರುವ ಫಾಂಟ್‌ನಲ್ಲಿ ಅವರೇ ಟೈಪ್ ಮಾಡಿಕೊಳ್ಳಲಿ. ಬೇರೆ ದಾರಿಗಳೆಲ್ಲ ತಲೆನೋವು.

ಒತ್ತಕ್ಷರದ ಕಥೆ ಹೀಗೆ. ಎಸ್‌ವಿಜಿಯಲ್ಲಿ ನಿಮ್ಮ ಅಕ್ಷರದ ಆಕಾರ ಹೋಗುವುದಿಲ್ಲ. ‘ಈ ಯೂನಿಕೋಡ್ ಅಕ್ಷರಗಳು, ಈ ಫಾಂಟ್’ ಅನ್ನುವ ಸೂಚನೆ ಮಾತ್ರ ಹೋಗುತ್ತದೆ. ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೆ ಯಾವುದೋ ಬಂದು ಕೂರುತ್ತದೆ. ಇದ್ದರೂ ಅಷ್ಟೇ, ‘ಕ್ಷ್ಮೀ’ಯಂಥದ್ದನ್ನು ಸರಿಯಾಗಿ ಜೋಡಿಸುವ ಕೆಲಸ ಆ ಸಾಫ್ಟ್‌ವೇರ್‌ಗೆ ಗೊತ್ತಿರಬೇಕು. ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್ ಆದರೆ ಇನ್ನೊಂದು ಫಜೀತಿ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಕೋಡ್‌ನಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವಧೂವರರ ಹೆಸರಿನ ಜಾಗದಲ್ಲಿ ತಲೆಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಇದನ್ನು ನೋಡದವರು ಕಡಿಮೆ.

ಹಾಗಾಗಿ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಗೆರೆಯ ಆಕಾರಗಳಾಗಿ ಬದಲಿಸಿ ಕಳಿಸಿ. ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ಸೇವ್ ಮಾಡುವಾಗ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಆರಿಸಿದರೆ ಮೂಲ ಫೈಲ್ ಕೆಡುವುದಿಲ್ಲ. ಕೋರೆಲ್‌ನಲ್ಲಾದರೆ ಕಂಟ್ರೋಲ್-ಕ್ಯೂ, ಅಡೋಬಿಯ ಡಿಸೈನ್ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್-ಶಿಫ್ಟ್-ಓ. ಈ ಎರಡರಲ್ಲಿ ಮೊದಲು ಇನ್ನೊಂದು ಕಾಪಿ ಇಟ್ಟುಕೊಳ್ಳಿ. ಕರ್ವ್ ಆದ ಮೇಲೆ ಕಾಗುಣಿತದ ತಪ್ಪು ಕಂಡರೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ನೀವು ಕರ್ವ್ ಮಾಡದ ಪಿಡಿಎಫ್ ಕಳಿಸಿದ್ದರೂ ಒಂದು ಉಪಾಯ ಇದೆ. ಕೋರೆಲ್ ಅದನ್ನು ಇಂಪೋರ್ಟ್ ಮಾಡುವಾಗ ಟೆಕ್ಸ್ಟ್ ಬೇಕಾ, ಕರ್ವ್ಸ್ ಬೇಕಾ ಅಂತ ಕೇಳುತ್ತದೆ. ಕರ್ವ್ಸ್ ಅನ್ನಲು ಹೇಳಿ.

ಕರ್ವ್ ಆದ ಅಕ್ಷರದಲ್ಲಿ ಒತ್ತು ಮೂಲ ಅಕ್ಷರಕ್ಕೆ ತಾಗುವ ಕಡೆ ಬಿಳಿ ತೂತು ಕಂಡರೆ, ಯಾರೋ ‘ಕಂಬೈನ್’ ಒತ್ತಿದ್ದಾರೆ ಅಂತ ಅರ್ಥ. ಅಲ್ಲಿ ಬೇಕಿದ್ದದ್ದು ಆಕಾರಗಳನ್ನು ಬೆಸೆದು ಒಂದೇ ಮಾಡುವ ‘ವೆಲ್ಡ್’. ಸ್ಟಿಕರ್ ಕಟಿಂಗ್‌ಗೆ ಕೊಡುವವರು ಇದನ್ನು ಮರೆಯಲೇಬಾರದು, ಇಲ್ಲದಿದ್ದರೆ ಪ್ಲಾಟರ್ ಅಕ್ಷರದ ಒಳಗೂ ಕತ್ತರಿಸುತ್ತದೆ.

ನೆರಳು ಇಂಕ್‌ಸ್ಕೇಪ್‌ನಲ್ಲಿ ಒಂದು ಫಿಲ್ಟರ್. ಅದನ್ನು ಬೇರೆ ಸಾಫ್ಟ್‌ವೇರ್ ಓದಿಯೇ ಓದುತ್ತದೆ ಅನ್ನುವ ಖಾತ್ರಿ ಇಲ್ಲ. ಪಿಡಿಎಫ್ ಮಾಡುವಾಗ ಫಿಲ್ಟರ್‌ಗಳನ್ನು ರಾಸ್ಟರ್ (ಚುಕ್ಕಿಗಳ ಚಿತ್ರ) ಮಾಡುವ ಆಯ್ಕೆ ಕೊಟ್ಟು 300 ಡಿಪಿಐ (ಇಂಚಿಗೆ 300 ಚುಕ್ಕಿ) ಹಾಕಿ. ನೆರಳು ಚಿತ್ರವಾಗಿ ಹೋಗುತ್ತದೆ, ಉಳಿದದ್ದು ವೆಕ್ಟರ್ (ಹಿಗ್ಗಿಸಿದರೂ ಕೆಡದ ಗೆರೆಯ ಆಕಾರ) ಆಗಿಯೇ ಇರುತ್ತದೆ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಇಂಕ್‌ಸ್ಕೇಪ್‌ನ ಪಿಡಿಎಫ್ ಸಾಮಾನ್ಯವಾಗಿ ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ. ಅದು ಮುದ್ರಣದ ನಾಲ್ಕು ಶಾಯಿಗಳ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಸಿಎಂವೈಕೆಗೆ ತಿರುಗುವಾಗ ಕಪ್ಪು ಅಕ್ಷರ ನಾಲ್ಕೂ ಬಣ್ಣಗಳ ಮಿಶ್ರಣವಾಗಿಬಿಡಬಹುದು. ಆಫ್‌ಸೆಟ್‌ನಲ್ಲಿ ಪ್ಲೇಟ್ ಕೂದಲೆಳೆ ಜರುಗಿದರೂ ‘ತಮ್ಮ ಸುಖಾಗಮನ ಬಯಸುವ’ ಅನ್ನುವ ಸಣ್ಣ ಸಾಲಿನ ಅಂಚಿಗೆ ಕೆಂಪು-ನೀಲಿ ಎದ್ದು ಕಾಣುತ್ತದೆ. ಸಣ್ಣ ಅಕ್ಷರಗಳ ಬಣ್ಣವನ್ನು ಕೆ (ಕಪ್ಪು) 100 ಮಾಡಿ, ಉಳಿದ ಮೂರನ್ನು ಸೊನ್ನೆ ಮಾಡಲು ಪ್ರೆಸ್‌ನವರಿಗೆ ಹೇಳಿ.

ಪ್ರಶ್ನೆ: ಗ್ರಾಹಕರು ಲೋಗೋದ ಎಐ (ಇಲ್ಲಸ್ಟ್ರೇಟರ್‌ನ) ಫೈಲ್ ಕಳಿಸಿದರು. ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಲೋಗೋ ಇಲ್ಲ, ಏನೋ ಇಂಗ್ಲಿಷ್ ಸೂಚನೆ ಮಾತ್ರ. ಅವರೇ ಆಮೇಲೆ ಎಸ್‌ವಿಜಿ ಕೊಟ್ಟರು, ಅದು ಚಿಕ್ಕದಾಗಿ ಬಂತು. ಫೈಲ್ ಹಾಳಾಗಿದೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಎರಡೂ ಫೈಲ್ ಚೆನ್ನಾಗಿಯೇ ಇವೆ. ಇಲ್ಲಸ್ಟ್ರೇಟರ್ 9ರಿಂದ ಈಚೆಗೆ ಎಐ ಫೈಲಿನ ಒಳಗೆ ಒಂದು ಪಿಡಿಎಫ್ ಕೂಡ ಇರುತ್ತದೆ. ಬೇರೆ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಓದುವುದು ಅದನ್ನೇ. ಸೇವ್ ಮಾಡಿದವರು ‘ಕ್ರಿಯೇಟ್ ಪಿಡಿಎಫ್ ಕಂಪ್ಯಾಟಿಬಲ್ ಫೈಲ್’ ಟಿಕ್ ತೆಗೆದಿದ್ದಾರೆ, ಅಷ್ಟೇ. ಅದನ್ನು ಹಾಕಿ ಮತ್ತೆ ಸೇವ್ ಮಾಡಿ ಕಳಿಸಲು ಹೇಳಿ.

ಚಿಕ್ಕದಾದದ್ದು ಲೆಕ್ಕದ ವ್ಯತ್ಯಾಸ. ಇಲ್ಲಸ್ಟ್ರೇಟರ್‌ಗೆ ಇಂಚಿಗೆ 72 ಪಿಕ್ಸೆಲ್, ಇಂಕ್‌ಸ್ಕೇಪ್‌ಗೆ (2017ರ 0.92 ವರ್ಷನ್‌ನಿಂದ) 96. ಹಾಗಾಗಿ 4 ಇಂಚಿನ ಲೋಗೋ 3 ಇಂಚಾಗುತ್ತದೆ. 133.33 ಪರ್ಸೆಂಟ್‌ಗೆ ಹಿಗ್ಗಿಸಿ. ಹಿಗ್ಗಿಸುವಾಗ ಗೆರೆಯ ದಪ್ಪವೂ ಜೊತೆಗೇ ಹಿಗ್ಗುವ ಆಯ್ಕೆ ಆನ್ ಇರಲಿ, ಇಲ್ಲದಿದ್ದರೆ ಲೋಗೋದ ರೂಪವೇ ಬದಲಾಗುತ್ತದೆ.

ಪ್ರಶ್ನೆ: ಊರಹಬ್ಬದ 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್‌ಗೆ ಪಿಡಿಎಫ್ ಪೂರ್ತಿ ಅಳತೆಯಲ್ಲಿ ಕೊಡಬೇಕೇ?
– ಹಾಸನದ ಓದುಗರು

ಉತ್ತರ: ಬೇಡ. ಪಿಡಿಎಫ್ ಪುಟಕ್ಕೆ ರೂಢಿಯ ಮಿತಿ 200 ಇಂಚು, ನಿಮ್ಮದು 240. ಹತ್ತನೇ ಒಂದರ ಅಳತೆಯಲ್ಲಿ, ಅಂದರೆ 24ಕ್ಕೆ 12 ಇಂಚಿನಲ್ಲಿ ಮಾಡಿ. ಫೈಲಿನ ಹೆಸರಲ್ಲೇ ‘ಹತ್ತು ಪಟ್ಟು ಹಿಗ್ಗಿಸಿ’ ಅಂತ ಬರೆಯಿರಿ. ವೆಕ್ಟರ್ ಭಾಗಕ್ಕೆ ಏನೂ ಆಗುವುದಿಲ್ಲ. ಫೋಟೊಗಳನ್ನು ಮಾತ್ರ ನೋಡಿಕೊಳ್ಳಿ: ಈಗ 720 ಪಿಪಿಐ (ಇಂಚಿಗೆ 720 ಪಿಕ್ಸೆಲ್) ಇದ್ದರೆ ಫ್ಲೆಕ್ಸ್‌ನಲ್ಲಿ 72 ಉಳಿಯುತ್ತದೆ, ದೂರದಿಂದ ನೋಡಲು ಅಷ್ಟು ಸಾಕು.