ಮಗುವಿನ ಜ್ವರದ ಸಿರಪ್ಪನ್ನು ಮನೆಯ ಚಮಚದಲ್ಲಿ ಅಳೆದು ಕೊಡಬಹುದೇ?

ಬೇಡ. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೋ, ಔಷಧ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿನಲ್ಲೋ ಅಳೆದು ಕೊಡಿ. ವೈದ್ಯರು ಹೇಳುವ ‘ಒಂದು ಚಮಚ’ ಎಂದರೆ 5 ಮಿ.ಲೀ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ಚಮಚಕ್ಕೆ ಆ ಲೆಕ್ಕ ಗೊತ್ತಿಲ್ಲ. ಒಂದರಲ್ಲಿ ಕಡಿಮೆ ಹಿಡಿದರೆ ಇನ್ನೊಂದರಲ್ಲಿ ಹೆಚ್ಚು.

ಅದಕ್ಕಿಂತ ಹೆಚ್ಚು ಜನ ಮರೆಯುವುದು ಬಾಟಲಿ ಅಲುಗಾಡಿಸುವುದನ್ನು. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಹಲವು ಬಾಟಲಿಗಳಲ್ಲಿ ಪೂರ್ತಿ ಕರಗಿರುವುದಿಲ್ಲ, ನುಣ್ಣನೆಯ ಪುಡಿಯಾಗಿ ದ್ರವದಲ್ಲಿ ಹರಡಿಕೊಂಡಿರುತ್ತದೆ. ಇಟ್ಟಲ್ಲೇ ಇಟ್ಟರೆ ಅಂಬಲಿಯ ಹಿಟ್ಟಿನಂತೆ ತಳ ಸೇರುತ್ತದೆ. ಅಲುಗಾಡಿಸದೆ ಸುರಿದರೆ ಮೊದಮೊದಲು ತೆಳು ನೀರೇ ಹೊಟ್ಟೆಗೆ ಹೋಗುತ್ತದೆ. ಬಾಟಲಿ ಮುಗಿಯುವ ಹೊತ್ತಿಗೆ ಅದೇ 5 ಮಿ.ಲೀ.ನಲ್ಲಿ ಔಷಧ ಅತಿಯಾಗಿರುತ್ತದೆ.

ಚೀಟಿ ಮತ್ತು ಲೇಬಲ್ ತಾಳೆ ನೋಡುವುದನ್ನು ಬಿಡಬೇಡಿ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಪ್ಯಾರಾಸಿಟಮಾಲೂ ಸಿಗುತ್ತದೆ, 250 ಮಿ.ಗ್ರಾಂ. ಇರುವುದೂ ಸಿಗುತ್ತದೆ. ಬಾಟಲಿ ಬದಲಾದರೆ ಹಳೆಯ ಅಳತೆ ನಡೆಯದು.

ಮುಚ್ಚಳವನ್ನು ಸಮತಟ್ಟಾದ ಕಡೆ ಇಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಮಗು ಅತ್ತು ಉಗುಳಿದರೆ ಅಂದಾಜಿನ ಮೇಲೆ ಮತ್ತೆ ಕುಡಿಸದೆ ವೈದ್ಯರನ್ನು ಕೇಳಿ.