ಪೋರ್ಟಿಗೆ ಎಂ-ಸೀಲ್ ಮೆತ್ತಿದರೆ ಡ್ರಾಯಿಂಗ್ ಉಳಿಯುತ್ತದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್, 14 ಜನ ಇದ್ದೇವೆ. ಕೆಲಸ ಬಿಟ್ಟ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ಡ್ರಾಯಿಂಗ್ ಒಯ್ದಿದ್ದಾನೆ ಅಂತ ಅನುಮಾನ. ಎಲ್ಲ ಯುಎಸ್‌ಬಿ ಪೋರ್ಟಿಗೂ ಎಂ-ಸೀಲ್ ಹಾಕಿಬಿಡಲಾ?

ಉತ್ತರ: ಈ ತಿಂಗಳಲ್ಲಿ ಇದು ಮೂರನೇ ಎಂ-ಸೀಲ್ ಪ್ರಶ್ನೆ. ಸ್ವಾಮಿ, ಕೀಬೋರ್ಡು, ಮೌಸು ಎಲ್ಲಿಗೆ ಚುಚ್ಚುತ್ತೀರಿ? ಮೌಸ್ ಕಿತ್ತು ಅದೇ ತೂತಿಗೆ ಪೆನ್‌ಡ್ರೈವ್ ಹಾಕೋಕೆ ಎಷ್ಟು ಹೊತ್ತು ಬೇಕು?

ಇನ್ನು ಕೆಲವರು ರಿಪೇರಿಯವನಿಗೆ ದುಡ್ಡು ಕೊಟ್ಟು 'ಬ್ಲಾಕ್' ಮಾಡಿಸಿದ್ದೇವೆ ಅನ್ನುತ್ತಾರೆ. ಬಹಳ ಸಲ ಅವನು ಮಾಡಿರೋದು ಇಷ್ಟೇ: ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಜಾಗದಲ್ಲಿ, ಯುಎಸ್‌ಬಿಸ್ಟೋರ್ ಅನ್ನೋ ಕಡೆ 'ಸ್ಟಾರ್ಟ್' 3 (ಚಾಲೂ) ಇದ್ದದ್ದನ್ನು 4 (ಬಂದ್) ಮಾಡಿರುತ್ತಾನೆ. ಪೆನ್‌ಡ್ರೈವ್ ನಿಲ್ಲುತ್ತದೆ, ನಿಜ. ಆದರೆ ಕೇಬಲ್ ಹಾಕಿದ ಆಂಡ್ರಾಯ್ಡ್ ಫೋನ್ ಎಂಟಿಪಿ ಅನ್ನೋ ಬೇರೆ ದಾರಿಯಲ್ಲಿ ಬರುತ್ತದೆ, ಅದಕ್ಕೆ ಈ ಬೀಗ ತಗಲುವುದೇ ಇಲ್ಲ. ಹುಡುಗರಿಗೆಲ್ಲ ಅಡ್ಮಿನ್ ಲಾಗಿನ್ (ಸೆಟ್ಟಿಂಗ್ ಬದಲಿಸುವ ಹಕ್ಕು) ಕೊಟ್ಟಿದ್ದರಂತೂ ಅವರೇ 4ನ್ನು ಮತ್ತೆ 3 ಮಾಡಿಕೊಳ್ಳುತ್ತಾರೆ.

ಮೊದಲು ಆ ಅಡ್ಮಿನ್ ಹಕ್ಕು ಕಿತ್ತುಕೊಳ್ಳಿ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ನಿಯಮ ಹಾಕುವ ಕಡೆ, 'ರಿಮೂವಬಲ್ ಸ್ಟೋರೇಜ್ ಆಕ್ಸೆಸ್' ಇದೆ, ಅಲ್ಲಿ ಎಲ್ಲವನ್ನೂ ಒಟ್ಟಿಗೆ ತಡೆಯಬಹುದು, ಫೋನೂ ಸೇರಿ. ಅಗ್ಗದ ವಿಂಡೋಸ್ ಹೋಮ್‌ನಲ್ಲಿ ಆ ಎಡಿಟರ್ ಬರುವುದಿಲ್ಲ. ನೀವು ದುಡ್ಡು ಉಳಿಸಿರೋದು ಅಲ್ಲೇ ಅಂತ ನನ್ನ ಊಹೆ.

'ಪೆನ್‌ಡ್ರೈವ್ ನಿಷೇಧ' ಅಂತ ಬೋರ್ಡ್ ಮಾತ್ರ ಹಾಕಬೇಡಿ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲೇ ಹೋಗಬೇಕು ಅಲ್ವಾ? ಎರಡನೇ ದಿನವೇ ಸೂಪರ್‌ವೈಸರ್ ಜೇಬಿನಿಂದ ತನ್ನದನ್ನು ತೆಗೆಯುತ್ತಾನೆ, ಡಿಸ್ಪ್ಯಾಚ್ ಅರ್ಜೆಂಟು ಅಂತ ನೀವೂ ಸುಮ್ನಿರುತ್ತೀರಿ. ಕಂಪನಿಯದೇ ಎರಡು ಪೆನ್‌ಡ್ರೈವ್ ಇಡಿ, ಮೇಲೆ ನಂಬರ್ ಬರೆಯಿರಿ, ನಿಮ್ಮ ಕಣ್ಣೆದುರಿನ ಒಂದೇ ಕಂಪ್ಯೂಟರ್‌ನಲ್ಲಿ ಅವಕಾಶ ಕೊಡಿ, ಯಾರು ಯಾವಾಗ ತಗೊಂಡರು ಅಂತ ಪುಸ್ತಕದಲ್ಲಿ ಸಹಿ ಇರಲಿ. ಇದನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಎಲ್ಲರ ಸಹಿ ಹಾಕಿಸಿ. ಅನುಮತಿ ಇಲ್ಲದೆ ನಕಲು ಮಾಡಿಕೊಂಡರೆ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಬರುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್, 3 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಎರಡೂ ಆಗಬಹುದು. ಆದರೆ ಅನುಮತಿ ಇಲ್ಲ ಅಂತ ನೀವು ಎಲ್ಲೂ ಬರೆದೇ ಇಲ್ಲದಿದ್ದರೆ ಅವನ ವಕೀಲರು ಬಿಡುತ್ತಾರಾ?

ಆ ಹುಡುಗನ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ಹೊಸಬನಿಗೆ ಕೊಟ್ಟಿಲ್ಲ ತಾನೇ? ಹಾಕಿದ ಪೆನ್‌ಡ್ರೈವ್‌ನ ಸೀರಿಯಲ್ ನಂಬರ್ ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಉಳಿದಿರುತ್ತದೆ. ಅದೇ ಸಾಕ್ಷಿ, ಆ ಕಂಪ್ಯೂಟರ್ ಆಫ್ ಮಾಡಿ ಬೀರುವಿನಲ್ಲಿಡಿ, ನೀವೇ ಕೆದಕಬೇಡಿ.

ಪ್ರಶ್ನೆ: ಪೆನ್‌ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಪಾಸ್‌ವರ್ಡ್ ಬೀಗ) ಹಾಕಿದ್ದೇವೆ, ಸಾಕಾ?

ಉತ್ತರ: ಬಸ್ಸಲ್ಲಿ ಕಳೆದುಹೋದರೆ ಸಾಕು. ಪಾಸ್‌ವರ್ಡ್ ಗೊತ್ತಿರುವವನೇ ಕದ್ದರೆ ಇಲ್ಲ.

ಪ್ರಶ್ನೆ: ಸಿಬ್ಬಂದಿ ಮೇಲೆ ಕಣ್ಣಿಡುವ ಸಾಫ್ಟ್‌ವೇರ್‌ನ ಕ್ರ್ಯಾಕ್ ಕಾಪಿ ಸುಮ್ನೆ ಸಿಕ್ಕಿದೆ, ಹಾಕಲಾ?

ಉತ್ತರ: ಹಾಕಿ. ಕದಿಯೋಕೆ ಆಮೇಲೆ ಹುಡುಗರು ಬೇಕಾಗುವುದಿಲ್ಲ, ಕ್ರ್ಯಾಕ್ ಜೊತೆ ಬರುವ ವೈರಸ್ಸೇ ಸಾಕು.