ಕೆಂಪು ನೀರನ್ನು ತಿಳಿ ಮಾಡುವ ಸವುಳು

ಪ್ರಶ್ನೆ: ನಮ್ಮದು ಸಂಡೂರು ತಾಲ್ಲೂಕು. ಮನೆ ಮುಂದೆಯೇ ಅದಿರು ಲಾರಿಗಳ ಓಡಾಟ. ಮಾಳಿಗೆಯ ಮಳೆ ನೀರನ್ನು ಡ್ರಮ್ಮಿಗೆ ಹಿಡಿದರೆ ಮೂರು ದಿನವಾದರೂ ಕೆಂಪು ಇಳಿಯುವುದಿಲ್ಲ. ಅದೇ ಧೂಳು ಬೋರ್‌ವೆಲ್ ನೀರಿನ ತೊಟ್ಟಿಗೆ ಬಿದ್ದರೆ ಬೆಳಗಾಗುವಷ್ಟರಲ್ಲಿ ತಳ ಸೇರಿರುತ್ತದೆ. ಈ ನೀರು ಬಲು ಸವುಳು. ಉಪ್ಪಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ತೊಟ್ಟಿಯ ತಳದ ಕೆಂಪನ್ನು ಬೆರಳಲ್ಲಿ ಉಜ್ಜಿ ನೋಡಿ, ಕುಂಕುಮದಷ್ಟು ನುಣುಪು. ಅದು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನೀರಿಗೆ ಬಿದ್ದ ಕೂಡಲೇ ಅದರ ಮೇಲ್ಮೈ ಹೈಡ್ರೋಜನ್ ಅಯಾನುಗಳನ್ನು (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಅಣು) ಹಿಡಿಯುತ್ತದೆ ಅಥವಾ ಬಿಡುತ್ತದೆ. ಹೀಗೆ ವಿದ್ಯುದಾವೇಶ ಪಡೆಯುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ಆವೇಶ. ಆದ್ದರಿಂದ ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ.

ಉಪ್ಪು ಕರಗಿದ ನೀರಿನಲ್ಲಿ ವಿರುದ್ಧ ಆವೇಶದ ಅಯಾನುಗಳು ಕಣವನ್ನು ಮುತ್ತಿ ಆ ದೂಡುವ ಬಲವನ್ನು ಮರೆಮಾಡುತ್ತವೆ. ಲೀಟರಿಗೆ ಸುಮಾರು 6 ಮಿಲಿಗ್ರಾಂ ಅಡುಗೆ ಉಪ್ಪಿದ್ದರೆ ಬಲದ ಚಾಚು 30 ನ್ಯಾನೋಮೀಟರ್. 600 ಮಿಲಿಗ್ರಾಂ ಇದ್ದರೆ ಬರೀ 3. ಅಷ್ಟು ಹತ್ತಿರ ಬಂದ ಕಣಗಳನ್ನು ಅವುಗಳದೇ ಆಕರ್ಷಣೆ ಅಂಟಿಸಿಬಿಡುತ್ತದೆ. ಗಂಟು ಕಟ್ಟಿದ ಮೇಲೆ ಭಾರ, ಭಾರವಾದ ಮೇಲೆ ತಳ.

ಎಲ್ಲ ಉಪ್ಪೂ ಒಂದೇ ಅಲ್ಲ. ಎರಡು ಆವೇಶದ ಅಯಾನು ಒಂದು ಆವೇಶದ್ದಕ್ಕಿಂತ ಹತ್ತಾರು ಪಟ್ಟು ಚುರುಕು. ಆದರೆ ಯಾವ ಅಯಾನು ಎಂಬುದು ಕಣದ ಆವೇಶವನ್ನು ಅವಲಂಬಿಸಿದೆ. ಅಪ್ಪಟ ಹೆಮಟೈಟ್ ಮಳೆ ನೀರಿನಲ್ಲಿ ಧನ ಆವೇಶದ್ದು, ಅದಕ್ಕೆ ಎರಡು ಋಣ ಆವೇಶದ ಸಲ್ಫೇಟ್ ಬೇಕು. ನಿಮ್ಮ ಮಾಳಿಗೆಯ ಧೂಳಿನಲ್ಲಿ ಜೇಡಿಯೂ ಕೊಳೆತ ಎಲೆಯ ಸಾರವೂ ಸೇರಿ ಅದು ಋಣವಾಗಿರುವ ಸಂಭವವೇ ಹೆಚ್ಚು. ಆಗ ಕೆಲಸ ಮಾಡುವುದು ಎರಡು ಧನ ಆವೇಶದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಗಡಸು ಬೋರ್‌ವೆಲ್ ನೀರಿನಲ್ಲಿ ಇವೆರಡಕ್ಕೂ ಬರವಿಲ್ಲ. ಹಿರಿಯರು ಬಗ್ಗಡದ ಕೊಡದಲ್ಲಿ ಪಟಿಕದ ತುಂಡು ತಿರುಗಿಸುತ್ತಿದ್ದರಲ್ಲ, ಅದರ ಅಲ್ಯೂಮಿನಿಯಂಗೆ ಮೂರು ಆವೇಶ! ಜೊತೆಗೆ ಅದು ಲೋಳೆಯಂತಹ ಹೈಡ್ರಾಕ್ಸೈಡ್ ಆಗಿ ಕಣಗಳನ್ನು ಬಾಚಿಕೊಂಡು ಇಳಿಯುತ್ತದೆ.

ಪರೀಕ್ಷಿಸಬೇಕೆಂದರೆ ಡ್ರಮ್ಮಿನ ನೀರನ್ನು ಮೂರು ಗಾಜಿನ ಲೋಟಗಳಿಗೆ ತುಂಬಿ. ಒಂದಕ್ಕೆ ಚಿಟಿಕೆ ಅಡುಗೆ ಉಪ್ಪು, ಇನ್ನೊಂದಕ್ಕೆ ಅಷ್ಟೇ ಎಪ್ಸಂ ಉಪ್ಪು ಹಾಕಿ, ಮೂರನೆಯದನ್ನು ಹಾಗೇ ಬಿಡಿ. ಎಪ್ಸಂ ಉಪ್ಪಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಎರಡೂ ಇರುವುದರಿಂದ ಕಣ ಧನವಾದರೂ ಋಣವಾದರೂ ಅದೇ ಗೆಲ್ಲಬೇಕು.

ತೊಟ್ಟಿಯ ನೀರು ತಿಳಿಯಾಯಿತೆಂದು ಕುಡಿಯಬೇಡಿ. ಸವುಳು ನೀರಲ್ಲೇ ಉಳಿದಿರುತ್ತದೆ. ನಿಮ್ಮ ಸೀಮೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟವೂ ಉಂಟು, ಅದನ್ನು ಪ್ರಯೋಗಾಲಯದಲ್ಲೇ ನೋಡಿಸಬೇಕು.